ಕೂತವರಿಗೆ ಬಾರದ ಕಾಯಿಲೆ

ಪ್ರಣತಿ ಹಸಿರು ಚೀಟಿಯೊಂದನ್ನು ನನ್ನ ಮಂಡಕ್ಕಿ ತಟ್ಟೆಯ ಪಕ್ಕ ಇಟ್ಟು, "ಓದ್ಕೋ ದೊಡ್ಡಮ್ಮ. ಈಗ್ಲಾದ್ರೂ ನಿನ್ನ ಜೀವಕ್ಕೆ ಸಮಾಧಾನ ಆಗ್ಲಿ" ಎಂದಳು.

ಚೀಟಿಯಲ್ಲಿ ಇದ್ದದ್ದು ಒಂದೇ ಸಾಲು. ಆರ್-ಸೊನ್ನೆಯೇಳು: ಎದೆನೋವು, ಕಾರಣ ನಿರ್ದಿಷ್ಟವಿಲ್ಲ, ಶ್ರಮದ ಕೆಲಸಕ್ಕೆ ಅಡ್ಡಿಯಿಲ್ಲ. ನನಗೆ ಸಮಾಧಾನ ಆಗಲಿಲ್ಲ. ಸುಲಭಕ್ಕೆ ಸಮಾಧಾನ ಆಗುವ ಜಾತಿಯವಳೂ ನಾನಲ್ಲ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೆಂಟು ವರ್ಷ ಬೇರೆಯವರ ಕಾಯಿಲೆಗಳಿಗೆ ಸಂಕೇತ ಹಾಕಿ ಹಾಕಿ, ಯಾರು ಏನು ಕೊಟ್ಟರೂ ತಿರುಗಿಸಿ ಹಿಂಬದಿ ನೋಡುವ ಬುದ್ಧಿ ಬಂದುಬಿಟ್ಟಿದೆ.

ಪ್ರಣತಿ ನನ್ನ ತಂಗಿ ಕೊಟ್ರಮ್ಮನ ಒಬ್ಬಳೇ ಮಗಳು, ಇಪ್ಪತ್ತೊಂದು ವರ್ಷ. ನನಗೆ ಮದುವೆಯಿಲ್ಲ, ಮಕ್ಕಳಿಲ್ಲ. ದಾವಣಗೆರೆಯಲ್ಲಿ ತಂಗಿಯ ಮನೆಯೇ ನನ್ನ ಮನೆ, ಈ ಹುಡುಗಿಯೇ ನನ್ನ ಹುಡುಗಿ. ಗುರುವಾರ ಅವಳಿಗೆ ಅಗ್ನಿಶಾಮಕ ದಳದ ದೈಹಿಕ ಪರೀಕ್ಷೆ. ಹದಿನೈದು ಕಿಲೋ ಭಾರ ಹೊತ್ತು ಎಂಟುನೂರು ಮೀಟರ್ ಓಡಬೇಕು. ಎರಡು ವರ್ಷದಿಂದ ಅದಕ್ಕಾಗಿ ಬೆವರು ಸುರಿಸಿದ್ದಳು. ಅವತ್ತು ಸೋಮವಾರ.

ಹದಿನೈದು ದಿನದ ಹಿಂದೆ ತರಬೇತಿ ಶಿಬಿರದ ಹಾಸ್ಟೆಲ್ಲಿನಲ್ಲಿ ಹುಡುಗಿಯರಿಗೆಲ್ಲ ಸಾಲಾಗಿ ಜ್ವರ ಬಂದಿತ್ತು. ಮೂರು ದಿನ ಮಲಗಿ ಎದ್ದರು. ಪ್ರಣತಿ ಮನೆಗೆ ಬಂದ ಮೇಲೆ ನಾನು ಗಮನಿಸುತ್ತಲೇ ಇದ್ದೆ. ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಮಹಡಿಗೆ ಹೋಗುತ್ತಿದ್ದವಳು ಈಗ ನಡುವೆ ನಿಂತು ಫೋನ್ ನೋಡುವಂತೆ ನಟಿಸುತ್ತಿದ್ದಳು. ಫೋನಿನ ಪರದೆ ಕಪ್ಪಗೇ ಇರುತ್ತಿತ್ತು. ಮಲಗಿದರೆ ಎದೆ ಹಿಂಡುತ್ತದೆಂದು ಗೋಡೆಗೆ ಎರಡು ದಿಂಬು ಒರಗಿಸಿ ನಿದ್ದೆ ಮಾಡುತ್ತಿದ್ದಳು.

"ಉಸಿರು ಕಟ್ಟೋದನ್ನ ಆ ಕೋಡ್‌ಕಟ್ಟೆಗೆ ಹೇಳಿದ್ಯಾ?" ಎಂದು ಕೇಳಿದೆ.

"ಕಟ್ಟೆಗೆ ಏನು ಹೇಳ್ಬೇಕೋ ಅದನ್ನ ಹೇಳೀನಿ. ಅದು ನಿನ್ನಂಗೆ ನೂರು ಸಲ ಕೇಳಲ್ಲ."

ಕೊಟ್ರಮ್ಮ ಒಲೆಯ ಕಡೆಯಿಂದ, "ಅಕ್ಕಾ, ತಿನ್ನೋ ಹೊತ್ನಾಗೆ ಆ ಹುಡುಗಿ ತಲೆ ತಿನ್ಬೇಡ. ಮೆಷಿನ್ನೇ ಹೇಳೇತಲ್ಲ" ಎಂದಳು.

ಮೆಷಿನ್ನು ಹೇಳಿದರೆ ಮುಗಿಯಿತು, ಈಗ ಎಲ್ಲರದ್ದೂ ಇದೇ ಮಾತು. ನಮ್ಮೂರಿನ ಬೀದಿಬೀದಿಗೆ ಕೋಡ್‌ಕಟ್ಟೆ ಬಂದು ಆರು ವರ್ಷವಾಯಿತು. ಗಾಜಿನ ಗೂಡು, ಅದರೊಳಗೆ ಒಂದು ಕುರ್ಚಿ, ಎದೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ. ನಾಲ್ಕು ನಿಮಿಷ ಕೂತರೆ ಆ ಪಟ್ಟಿ ಹೃದಯದ ವಿದ್ಯುತ್ತನ್ನೂ ಬಡಿತದ ಸದ್ದನ್ನೂ ಓದುತ್ತದೆ. ಯಂತ್ರ ಏಳೆಂಟು ಪ್ರಶ್ನೆ ಕೇಳುತ್ತದೆ. ಆಮೇಲೆ ಕಾಯಿಲೆಯ ಸಂಕೇತವಿರುವ ಚೀಟಿ ಹೊರಗೆ ಬರುತ್ತದೆ. ಹಿಂದಿನ ಕಾಲದಲ್ಲಿ ಡಾಕ್ಟರು ಕಾಯಿಲೆ ಏನೆಂದು ಬರೆಯುತ್ತಿದ್ದರು, ನಾವು ವಿಮೆಯ ಬಿಲ್ಲಿಗಾಗಿ ಅದಕ್ಕೊಂದು ಸಂಕೇತ ಹಾಕುತ್ತಿದ್ದೆವು. ಈಗ ಸಂಕೇತ ಮೊದಲು, ಡಾಕ್ಟರು ಆಮೇಲೆ. ರಕ್ತಪರೀಕ್ಷೆ ಮಾಡುವುದಕ್ಕೂ ಸಂಕೇತ ಬೇಕು, ಆಸ್ಪತ್ರೆಯಲ್ಲಿ ಮಂಚ ಸಿಗುವುದಕ್ಕೂ ಸಂಕೇತ ಬೇಕು. ಮಾತ್ರೆಯ ಪೆಟ್ಟಿಗೆಯ ಬೀಗ ಕೂಡ ಅದಕ್ಕೇ ತೆಗೆಯುವುದು.

ಜನ ಇದಕ್ಕೆ ಎಷ್ಟು ಬೇಗ ಒಗ್ಗಿಹೋದರೆಂದರೆ, ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ಚೀಟಿಯನ್ನೂ ಕೇಳುತ್ತಾರೆ. ಪಕ್ಕದ ಮನೆಯ ಬಸಮ್ಮ ಸೊಂಟ ಹಿಡಿದುಕೊಂಡು ಬಾಗಿಲಿಗೆ ಬಂದು, "ನಂದು ಎಂ-ಐವತ್ನಾಲ್ಕು ಕಣ್ರೀ, ಬಗ್ಗಕ್ಕಾಗಲ್ಲ" ಎನ್ನುತ್ತಾಳೆ. ಬೆನ್ನುನೋವು ಎಂಬ ಪದ ಆಕೆಗೆ ಮರೆತೇ ಹೋಗಿದೆಯೋ ಏನೋ! ಚೀಟಿ ಹಸಿರು ಬಂದರೆ ನೋವಿದ್ದರೂ ಇಲ್ಲವೆಂದುಕೊಳ್ಳುತ್ತಾರೆ, ಕೆಂಪು ಬಂದರೆ ನೋವಿಲ್ಲದಿದ್ದರೂ ನರಳಲು ಶುರುಮಾಡುತ್ತಾರೆ.

ತಿಂಡಿ ಮುಗಿಸಿ ನಾನು ಕೆಲಸಕ್ಕೆ ಹೋದೆ.

ನಮ್ಮ ಸಂಕೇತ ಪರಿಶೀಲನಾ ಕೇಂದ್ರ ಇರುವುದು ಹಳೆಯ ಹತ್ತಿ ಗಿರಣಿಯ ಕಟ್ಟಡದಲ್ಲಿ. ಒಂದು ಕಾಲಕ್ಕೆ ಅರವತ್ತು ಜನ ಕೂತು ಜಿಲ್ಲೆಯ ಅಷ್ಟೂ ಆಸ್ಪತ್ರೆಗಳ ಕಡತಕ್ಕೆ ಸಂಕೇತ ಹಾಕುತ್ತಿದ್ದೆವು. ಈಗ ಉಳಿದವರು ನಾಲ್ವರು. ಯಂತ್ರ ಹಾಕಿದ ಸಂಕೇತಗಳಲ್ಲಿ ನೂರಕ್ಕೊಂದನ್ನು ತೆರೆದು, ನೋಡಿ, 'ಸರಿ' ಎಂದು ಒತ್ತುವುದೇ ನಮ್ಮ ಕೆಲಸ. ಬದಲಿಸುವ ಅಧಿಕಾರ ಇನ್ನೂ ಇದೆ. ಆದರೆ ಬದಲಿಸಿದವರಿಗೆ ಕಾರಣ ಕೇಳುವ ಪತ್ರ ಬರುತ್ತದೆ. ಅದರಿಂದ ಯಾರೂ ಬದಲಿಸುವುದಿಲ್ಲ.

ಮನೆಯವರ ದಾಖಲೆ ತೆರೆಯಬಾರದೆಂಬ ನಿಯಮವಿದೆ. ನಾನು ತೆರೆದೆ.

ಯಂತ್ರ ಒಂದು ಸಂಕೇತ ಕೊಡುವ ಮುಂಚೆ ಬೇರೆ ಏನಿರಬಹುದೆಂದೂ ಲೆಕ್ಕ ಹಾಕಿರುತ್ತದೆ. ಪ್ರತಿಯೊಂದಕ್ಕೂ ಎಷ್ಟು ಸಾಧ್ಯತೆ ಎಂಬ ಪಟ್ಟಿ ಒಳಗಿರುತ್ತದೆ. ನಾನು ಹುಡುಕಿದ್ದು ಐ-ನಲವತ್ತನ್ನು. ಹೃದಯದ ಸ್ನಾಯುವಿಗೇ ಉರಿಯೂತ. ಜ್ವರ ತರುವ ಸೂಕ್ಷ್ಮಾಣು ಕೆಲವರಲ್ಲಿ ಹೃದಯದ ಮಾಂಸಕ್ಕೂ ತಗುಲಿಕೊಳ್ಳುತ್ತದೆ. ಸುಮ್ಮನೆ ವಿಶ್ರಾಂತಿ ಪಡೆದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಉರಿಯೂತ ಇರುವಾಗ ಏದುಸಿರು ಬಿಡುತ್ತಾ ಓಡಿದರೆ ಬಡಿತದ ತಾಳ ತಪ್ಪಿ ಹೃದಯ ಅಲ್ಲೇ ನಿಲ್ಲಬಹುದು. ಇದನ್ನು ನಾನು ಡಾಕ್ಟರುಗಳ ಕೈಬರಹದಲ್ಲೇ ಸಾವಿರ ಸಲ ಓದಿದ್ದೇನೆ.

ಐ-ನಲವತ್ತರ ಮುಂದೆ ಸೊನ್ನೆ ಇತ್ತು. ಶೇಕಡಾ ಅರ್ಧವಲ್ಲ, ಕಾಲಲ್ಲ, ಬರೀ ಸೊನ್ನೆ.

ನನಗೆ ಅನುಮಾನ ಬಂದದ್ದು ಅಲ್ಲೇ. ಈ ಯಂತ್ರ ಯಾವುದಕ್ಕೂ ಖಡಾಖಂಡಿತ ಇಲ್ಲ ಎನ್ನುವ ಪೈಕಿಯಲ್ಲ. ಗಂಡಸರು ಬಸುರಾಗುವ ಸಾಧ್ಯತೆಯನ್ನೂ ಹತ್ತು ಲಕ್ಷಕ್ಕೆ ಇಷ್ಟು ಎಂದು ತೋರಿಸುವ ಮಹಾನುಭಾವ ಅದು. ಜ್ವರ ಬಂದು ಹೋದ, ಎದೆ ಹಿಂಡುವ ಹುಡುಗಿಗೆ ಮಾತ್ರ ಅಷ್ಟು ಧೈರ್ಯವಾಗಿ ಸೊನ್ನೆ ಹೇಗೆ ಬರೆಯಿತು?

ಆರು ವರ್ಷದ ದಾಖಲೆ ಸೋಸಿ ನೋಡಿದೆ. ಜಿಲ್ಲೆಯ ಕಟ್ಟೆಗಳಿಂದ ಬಂದ ಚೀಟಿಗಳಲ್ಲಿ ಐ-ನಲವತ್ತು ಒಂದೂ ಇರಲಿಲ್ಲ. ಆಸ್ಪತ್ರೆಯ ವಾರ್ಡುಗಳಲ್ಲೂ ಅದೇ ಯಂತ್ರ, ಅದೇ ಎದೆಪಟ್ಟಿ. ಅಲ್ಲಿ ಮುನ್ನೂರ ಹನ್ನೊಂದು ಇದ್ದವು. ಕೂತವರಿಗೆ ಬಾರದ ಕಾಯಿಲೆ ಮಲಗಿದವರಿಗೆ ಬರುತ್ತಿತ್ತು.

ನಮ್ಮ ಮೇಲ್ವಿಚಾರಕ ವಿರೂಪಾಕ್ಷ ಅವರ ಮೇಜಿಗೆ ನೇರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಮೃದು ಮಾತಿನ ಮನುಷ್ಯ. ಅಂಥವರನ್ನು ಕಂಡರೆ ನನಗೆ ಇನ್ನಷ್ಟು ಎಚ್ಚರ.

"ಕಟ್ಟೆ ಮೇಲೆ ಐ-ನಲವತ್ತು ಬರಲ್ಲ ಅಂದ್ರೆ ಇಲ್ಲ ಅಂತ ಅರ್ಥ ಮೇಡಂ. ಅದು ಅಪರೂಪದ ಕಾಯಿಲೆ" ಎಂದರು.

"ವಾರ್ಡ್‌ನಾಗೆ ಮುನ್ನೂರ ಹನ್ನೊಂದು ಜನ ಅವ್ರೆ ಸರ್. ಅವ್ರು ಅಲ್ಲಿಗೆ ಹೆಂಗೆ ಬಂದ್ರು? ಆಕಾಶದಿಂದ ಉದುರಿದ್ರಾ?"

"ಕುಸಿದು ಬಿದ್ದೋ, ತಾಳ ತಪ್ಪಿಯೋ ಬೇರೆ ಸಂಕೇತದಿಂದ ಬಂದಿರ್ತಾರೆ."

"ನಾನೂ ಅದನ್ನೇ ಹೇಳ್ತಿರೋದು. ಬಿದ್ದ ಮೇಲೆ ಬಂದಿದಾರೆ."

ಅವರು ನಕ್ಕರು. "ನೂರಕ್ಕೆ ತೊಂಬತ್ತೊಂಬತ್ತು ಸರಿ ಹೇಳೋ ಯಂತ್ರ ಮೇಡಂ ಇದು."

"ಸರಿ ಅಂತ ಯಾರು ಹೇಳಿದ್ದು? ಏನಕ್ಕೆ ಹೋಲಿಸಿ ನೋಡಿದ್ರಿ?"

"ಹಳೇ ದಾಖಲೆಗೆ. ನಲವತ್ತು ಲಕ್ಷ ಕಡತ. ನಿಮ್ಮಂಥ ಅನುಭವಸ್ಥರು ಹಾಕಿದ ಸಂಕೇತಾನೇ ಅದಕ್ಕೆ ಪಾಠ, ಅದೇ ಅದಕ್ಕೆ ಪರೀಕ್ಷೆ. ನೀವು ಹೆಮ್ಮೆ ಪಡ್ಬೇಕು."

ಹೆಮ್ಮೆ! ನಾವು ಆ ಕಡತಗಳಿಗೆ ಸಂಕೇತ ಹಾಕುತ್ತಿದ್ದ ರೀತಿ ನೆನಪಾಯಿತು.

ಈ ಕೆಲಸಕ್ಕೆ ಸೇರಿದ ಮೊದಲ ವಾರ ನಮಗೆ ಕಲಿಸಿದ್ದ ಪದ್ಧತಿ ಇದು. ಹೊರರೋಗಿ ಚೀಟಿಯಲ್ಲಿ ಡಾಕ್ಟರು ಕಾಯಿಲೆಯ ಹೆಸರಿನ ಹಿಂದೆ ಪ್ರಶ್ನೆಯ ಗುರುತು ಹಾಕಿದ್ದರೆ ಅದು ಬರೀ ಅನುಮಾನ. ಅನುಮಾನಕ್ಕೆ ಸಂಕೇತ ಹಾಕಬಾರದು, ಕಂಡದ್ದಕ್ಕೆ ಮಾತ್ರ ಹಾಕಬೇಕು. ಕಂಡದ್ದು ಎದೆನೋವು, ಆದ್ದರಿಂದ ಆರ್-ಸೊನ್ನೆಯೇಳು. ಅದೇ ಡಾಕ್ಟರು, ಅದೇ ಅನುಮಾನವನ್ನು ಒಳರೋಗಿಯ ಬಿಡುಗಡೆ ಪತ್ರದಲ್ಲಿ ಬರೆದರೆ ಮಾತ್ರ ಕಾಯಿಲೆ ಇದೆಯೆಂದೇ ಹಿಡಿದು ಐ-ನಲವತ್ತು ಹಾಕಬೇಕು. ಸುಳ್ಳಲ್ಲ, ಮೋಸವಲ್ಲ. ಕೇವಲ ಅನುಮಾನಕ್ಕೆ ಒಬ್ಬರ ಹಣೆಗೆ ಹೃದಯದ ಕಾಯಿಲೆ ಅಂಟಿಸಬಾರದೆಂಬ ಒಳ್ಳೆಯ ಉದ್ದೇಶವೂ ಅದರಲ್ಲಿತ್ತು. ಅದು ಬಿಲ್ಲಿನ ನಿಯಮವೇ ಹೊರತು ದೇಹದ ನಿಯಮವಲ್ಲವೆಂದು ನಮಗೆಲ್ಲ ಗೊತ್ತಿತ್ತು. ಯಂತ್ರಕ್ಕೆ ಅದನ್ನು ಯಾರೂ ಹೇಳಲಿಲ್ಲ.

ಮಧ್ಯಾಹ್ನ ಊಟ ಬಿಟ್ಟು ಹಳೆಯ ಚೀಟಿಗಳ ನಕಲು ತೆರೆದೆ. ಹತ್ತೊಂಬತ್ತು ವರ್ಷದ ಹುಡುಗ, ಜ್ವರವಾಗಿ ಹತ್ತು ದಿನ, ಎದೆ ಒತ್ತು. ಡಾಕ್ಟರು ಹೃದಯ ಸ್ನಾಯುವಿನ ಉರಿಯೂತ ಎಂದು ಬರೆದು ಹಿಂದೆ ಪ್ರಶ್ನೆಯ ಗುರುತು ಹಾಕಿದ್ದರು. ಕೆಳಗೆ ಆರ್-ಸೊನ್ನೆಯೇಳು, ನನ್ನ ಸಹಿ. ಮುಂದಿನದು ಬಾಣಂತಿ, ನನ್ನ ಸಹಿ. ಅದರ ಮುಂದಿನದು ಲಾರಿ ಕ್ಲೀನರ್, ನನ್ನ ಸಹಿ. ಎಪ್ಪತ್ತಕ್ಕೆ ಎಣಿಸುವುದನ್ನು ಬಿಟ್ಟೆ. ಒಬ್ಬೊಬ್ಬ ಡಾಕ್ಟರ ಅನುಮಾನವನ್ನೂ ನಾನು ಒರೆಸಿ ಹಾಕಿದ್ದೆ. ಒರೆಸಿದ್ದನ್ನೇ ಯಂತ್ರ ಬಾಯಿಪಾಠ ಮಾಡಿ, ಈಗ ನನ್ನ ಮನೆಯ ಹುಡುಗಿಗೆ ಒಪ್ಪಿಸಿತ್ತು.

ಸಂಜೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಪ್ರಣತಿ ಓಟದ ಬೂಟು ಒರೆಸುತ್ತಾ ಕೂತಿದ್ದಳು.

"ಗುರುವಾರ ಓಡ್ಬೇಡ" ಎಂದೆ. ಕಾರಣವನ್ನೂ ವಿವರಿಸಿದೆ.

ಅವಳು ಬೂಟು ಕೆಳಗಿಟ್ಟಳು. "ನಿಜ ಹೇಳು ದೊಡ್ಡಮ್ಮ. ನಾನು ಈ ಮನೆ ಬಿಟ್ಟು ಹೋಗೋದು ನಿಂಗೆ ಇಷ್ಟ ಇಲ್ಲ. ಅಲ್ವಾ?"

"ಏನೇ ಹಂಗಂದ್ರೆ?"

"ಹೋದ ವರ್ಷ ಬಳ್ಳಾರಿ ಕೆಲಸ ಬಂದಾಗ ನೀನೇ ಅಲ್ವಾ, ಹಾಸ್ಟೆಲ್ ಸರಿ ಇಲ್ಲ, ನೀರು ಸರಿ ಇಲ್ಲ ಅಂತ ಬಿಡಿಸಿದ್ದು? ಈಗ ಹೃದಯ ಸರಿ ಇಲ್ಲ. ಮುಂದಿನ ಸಲ ಏನು ಸರಿ ಇರಲ್ಲ?"

ಮುಖಕ್ಕೆ ಹೊಡೆದಂತಾಯಿತು. ಯಾಕೆಂದರೆ ಬಳ್ಳಾರಿಯ ವಿಷಯದಲ್ಲಿ ಅವಳು ಹೇಳಿದ್ದು ನಿಜ. ಮನೆ ಖಾಲಿಯಾಗುತ್ತದೆಂದು ನನಗೆ ಆಗ ಹೆದರಿಕೆಯಾಗಿತ್ತು. ಈಗಲೂ ಅದೇ ಹೆದರಿಕೆ ಯಂತ್ರದ ವೇಷ ಹಾಕಿಕೊಂಡು ಬಂದಿದೆಯೇ ಎಂದು ನನ್ನ ಮೇಲೆ ನನಗೇ ಸಂಶಯವಾಯಿತು. ಕೊಟ್ರಮ್ಮ ಇಬ್ಬರ ಮುಖವನ್ನೂ ನೋಡಿ, "ನೀನು ಡಾಕ್ಟರ್ ಅಲ್ಲಲ್ಲಕ್ಕ" ಎಂದಷ್ಟೇ ಹೇಳಿದಳು.

"ಅಲ್ಲ. ಡಾಕ್ಟರು ನೋಡ್ಲಿ ಅಂತಾನೇ ಹೇಳ್ತಿರೋದು."

"ಈ ಚೀಟಿಗೆ ಯಾವ ಡಾಕ್ಟರೂ ಬಾಗಿಲು ತೆಗೆಯಲ್ಲ, ನಿಂಗೇ ಗೊತ್ತು" ಎಂದು ಪ್ರಣತಿ ಎದ್ದು ಹೋದಳು. ನಡುಮೆಟ್ಟಿಲಲ್ಲಿ ನಿಂತ ಸದ್ದು ನನಗೆ ಕೇಳಿಸಿತು.

ಮಂಗಳವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಹೋಗಿ ಕೂತೆ. ಐ-ನಲವತ್ತನ್ನು ನಾನೇ ಹಾಕಿಬಿಡಬಹುದಿತ್ತು. ಹಾಕಿದರೆ ಅದು ಸುಳ್ಳು ಸಂಕೇತ, ಜೈಲಿನ ವಿಷಯ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿಗೆ ಆ ಕಾಯಿಲೆ ಇದೆಯೆಂದು ನನಗೂ ಗೊತ್ತಿರಲಿಲ್ಲ. ನನಗಿದ್ದದ್ದು ಅನುಮಾನ ಮಾತ್ರ. ಅನುಮಾನಕ್ಕೇ ಒಂದು ಸಂಕೇತವಿದೆಯೇ ಎಂದು ಮೂಲ ಪುಸ್ತಕದ ಕೊನೆಯ ಅಧ್ಯಾಯಗಳನ್ನು ತಿರುವಿದೆ.

ಇತ್ತು. ಝಡ್-ಸೊನ್ನೆಮೂರು. ಹೃದಯದ ಕಾಯಿಲೆ ಇರಬಹುದೆಂಬ ಶಂಕೆಯ ಮೇಲೆ ನಿಗಾ. ನಾನು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಬರೀ ಶಂಕೆಗೆ ವಿಮೆಯವರು ಬಿಲ್ಲು ಒಪ್ಪುತ್ತಿರಲಿಲ್ಲ, ಆದ್ದರಿಂದ ನಮ್ಮ ಆಸ್ಪತ್ರೆಗಳು ಅದನ್ನು ಬರೆಯುವುದನ್ನೇ ನಿಲ್ಲಿಸಿದ್ದವು. ಬರೆಯದ ಕಾರಣ ಯಂತ್ರ ಅದನ್ನು ಕಂಡೇ ಇರಲಿಲ್ಲ. ಕಂಡಿಲ್ಲದ್ದರ ಬಗ್ಗೆ ಅದಕ್ಕೆ ತಕರಾರೂ ಇರಲಿಲ್ಲ. ಆರ್-ಸೊನ್ನೆಯೇಳನ್ನು ಅಳಿಸಿ ಇದನ್ನು ಹಾಕಿ ಒತ್ತಿದಾಗ ಅದು ಚಕಾರ ಎತ್ತದೆ ಒಪ್ಪಿಕೊಂಡಿತು. ದೊಡ್ಡಾಸ್ಪತ್ರೆಯಲ್ಲಿ ಒಂದು ಮಂಚ ತೆರೆಯಿತು. ದಾಖಲೆಯಲ್ಲೂ ಫೋನಿನಲ್ಲೂ ಪ್ರಣತಿಯ ಹಸಿರು ಚೀಟಿ ಕೆಂಪಾಯಿತು.

ಹತ್ತೇ ನಿಮಿಷಕ್ಕೆ ಅವಳ ಫೋನು. ಮೈದಾನದಿಂದ ಮಾಡಿದ್ದಳು.

"ನೀನೇ ತಾನೇ? ನನ್ನ ಕೆಂಪು ಮಾಡಿದ್ದು ನೀನೇ ತಾನೇ?"

"ಹೌದು. ಒಂದು ದಿನ ನಿಗಾದಾಗೆ ಇದ್ದು ಬಾ. ಏನೂ ಇಲ್ಲ ಅಂತ ಡಾಕ್ಟರು ಬರೆದ್ರೆ ನಾಳೆ ಹಸಿರಾಗುತ್ತೆ, ಗುರುವಾರ ಓಡು. ನಾನೇ ಬಂದು ಚಪ್ಪಾಳೆ ಹೊಡಿತೀನಿ."

"ನಿನ್ನನ್ನ ಈ ಜನ್ಮದಾಗೆ ಮಾತಾಡ್ಸಲ್ಲ" ಎಂದಳು. ಆದರೂ ಬಂದಳು. ಬರದೆ ಬೇರೆ ದಾರಿ ಇರಲಿಲ್ಲ, ಕೆಂಪು ಚೀಟಿಯವರನ್ನು ಓಟದ ಗೆರೆಯ ಹತ್ತಿರಕ್ಕೂ ಬಿಡುವುದಿಲ್ಲ.

ವಾರ್ಡಿನ ಡಾಕ್ಟರು ಮಲ್ಲಿಕಾಂಬ ಎಂಬ ವಯಸ್ಸಾದ ಹೆಂಗಸು. ಚೀಟಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಝಡ್-ಸೊನ್ನೆಮೂರಾ? ಇದನ್ನ ನೋಡಿ ಎಷ್ಟು ವರ್ಷ ಆಯ್ತಮ್ಮ! ಹಂಗಾದ್ರೆ ನಾನು ಏನು ಬೇಕಾದ್ರೂ ಪರೀಕ್ಷೆ ಮಾಡಬಹುದು" ಎಂದು ನರ್ಸನ್ನು ಕರೆದರು.

ಪ್ರಣತಿಯನ್ನು ಮಲಗಿಸಿ, ವಾರ್ಡಿನ ಪಟ್ಟಿಯನ್ನು ಎದೆಗೆ ಕಟ್ಟಿದರು. ನಾಲ್ಕನೆಯ ನಿಮಿಷಕ್ಕೆ ಪರದೆಯ ಮೇಲೆ ಐ-ನಲವತ್ತು ಬಂತು. ಕೊಟ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಪ್ರಣತಿ ಮಾತ್ರ ಎದ್ದು ಕೂತು ಗಹಗಹಿಸಿ ನಕ್ಕಳು.

"ನೋಡಿದ್ಯಾ ದೊಡ್ಡಮ್ಮ? ಕೂತ್ರೆ ಎದೆನೋವು, ಮಲಗಿದ್ರೆ ಹೃದಯದ ಕಾಯಿಲೆ. ಇದು ನನ್ನ ಎದೆ ನೋಡ್ತೈತೋ ಮಂಚ ನೋಡ್ತೈತೋ? ನಿನ್ನೆ ಇದನ್ನ ನಂಬಬೇಡ ಅಂದೆ. ಇವತ್ತು ನಂಬು ಅಂತೀಯಾ?"

ಅವಳು ಕೇಳಿದ್ದು ಸರಿಯಾಗಿಯೇ ಇತ್ತು. ಯಂತ್ರಕ್ಕೆ ನಾನು ಕಲಿಸಿದ ಪಾಠದ ಮೊದಲರ್ಧ ತಪ್ಪಾದರೆ ಎರಡನೆಯ ಅರ್ಧವೂ ಅಷ್ಟೇ ತಪ್ಪು. "ನಂಬಬೇಡ" ಎಂದೆ. "ರಕ್ತದ ಫಲಿತಾಂಶ ಬರ್ಲಿ. ಅದು ಸಂಕೇತ ಓದಿಲ್ಲ."

ಎರಡೂವರೆ ಗಂಟೆ ಕಾದೆವು. ಅಷ್ಟು ಹೊತ್ತೂ ನಾನು ಎರಡು ಹರಕೆ ಕಟ್ಟಿಕೊಂಡೆ, ಒಂದಕ್ಕೊಂದು ವಿರುದ್ಧ. ಹುಡುಗಿಗೆ ಏನೂ ಆಗಿರಬಾರದು. ಹುಡುಗಿಯ ಓಟವನ್ನು ನಾನು ಸುಮ್ಮಸುಮ್ಮನೆ ಕೆಡಿಸಿದವಳೂ ಆಗಬಾರದು. ಎರಡನೆಯದನ್ನು ಬೇಡಿಕೊಂಡದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಲ್ಲಿಕಾಂಬ ಬಂದು ಮಂಚದ ಅಂಚಿಗೆ ಕೂತರು. "ಹೃದಯದ ಸ್ನಾಯುವಿಗೆ ಪೆಟ್ಟಾದ್ರೆ ರಕ್ತಕ್ಕೆ ಒಂದು ವಸ್ತು ಸೋರುತ್ತೆ ಮಗಳೇ. ಅದು ಹದಿನಾಲ್ಕರ ಒಳಗಿರಬೇಕು. ನಿಂದು ಎರಡು ಸಾವಿರದ ನೂರು ಐತೆ. ನಾಳೆ ಬೆಳಿಗ್ಗೆ ಸ್ಕ್ಯಾನ್ ಮಾಡಿ ಖಾತ್ರಿ ಮಾಡ್ಕೊಳ್ಳೋಣ. ಆದ್ರೆ ಆರು ತಿಂಗಳು ಓಟದ ಮಾತು ಎತ್ತಬೇಡ."

"ಗುರುವಾರ ಒಂದೇ ಒಂದು ಸಲ ಓಡಿದ್ರೆ?"

"ಬೀಳ್ತೀಯ ಅಂತ ಹೇಳೋಕಾಗಲ್ಲ. ಬೀಳಲ್ಲ ಅಂತಾನೂ ಹೇಳೋಕಾಗಲ್ಲ."

ಪ್ರಣತಿ ಗೋಡೆಯ ಕಡೆ ತಿರುಗಿ ಮಲಗಿದಳು. ಕೊಟ್ರಮ್ಮ ಅವಳ ಬೆನ್ನು ಸವರುತ್ತಿದ್ದಳು. ನಾನು ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಗೆದ್ದೆನೆಂಬ ಭಾವನೆ ಎಳ್ಳಷ್ಟೂ ಬರಲಿಲ್ಲ.

ಬುಧವಾರ ಸ್ಕ್ಯಾನೂ ಅದನ್ನೇ ಹೇಳಿತು. ಹೃದಯದ ಎಡಗೋಡೆಯಲ್ಲಿ ಊತ. ಮಧ್ಯಾಹ್ನ ಮೂರರ ಹೊತ್ತಿಗೆ ಕೊಟ್ರಮ್ಮ ಊಟದ ಡಬ್ಬಿ ತೊಳೆಯಲು ಹೋದಾಗ ಪ್ರಣತಿ ನನ್ನ ಕಡೆ ತಿರುಗಿದಳು. ರಕ್ತದ ಫಲಿತಾಂಶ ಬಂದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಇದು.

"ದೊಡ್ಡಮ್ಮ, ಕಟ್ಟೆ ಮೇಲೆ ನಾನು ಸುಳ್ಳು ಹೇಳಿದೆ. ಉಸಿರು ಕಟ್ಟುತ್ತಾ ಅಂತ ಕೇಳ್ತು. ಇಲ್ಲ ಅಂದೆ."

"ಗೊತ್ತು ಬಿಡು."

"ನಾನೊಬ್ಳೇ ಅಲ್ಲ. ತಬಸ್ಸುಮ್‌ನೂ ಹಂಗೇ ಹೇಳಿದ್ಲು. ನನ್ನ ಹಿಂದೇನೇ ಅದೇ ಕುರ್ಚಿ ಮೇಲೆ ಕೂತ್ಲು. ಅವಳಿಗೂ ಅದೇ ಜ್ವರ, ಅದೇ ನೋವು, ಅದೇ ಹಸಿರು ಚೀಟಿ. ಇಬ್ರೂ ಯಾರಿಗೂ ಹೇಳಬಾರ್ದು ಅಂತ ಆಣೆ ಹಾಕ್ಕೊಂಡಿದ್ವಿ." ತಬಸ್ಸುಮ್ ಅವಳ ಹಾಸ್ಟೆಲ್ ಕೋಣೆಯವಳು, ಹರಿಹರದ ಹುಡುಗಿ. "ಬೆಳಿಗ್ಗೆ ಫೋನ್ ಮಾಡಿ ಹೇಳ್ದೆ. ನಾನು ಓಡಲ್ಲ ಅಂದ್ಮೇಲೆ ಅವಳೂ ಓಡಬಾರ್ದು ಅಂತ ಹೊಟ್ಟೆಕಿಚ್ಚಾ ಅಂತ ಕೇಳಿದ್ಲು. ಫೋನ್ ಇಟ್ಬಿಟ್ಲು. ಆಮೇಲೆ ಎತ್ತುತ್ತಾನೇ ಇಲ್ಲ. ನಾಳೆ ಏಳು ಗಂಟೆಗೆ ಓಟ. ಅವಳನ್ನೂ ಕೆಂಪು ಮಾಡು ದೊಡ್ಡಮ್ಮ."

ಆಟೋ ಹಿಡಿದು ಕೇಂದ್ರಕ್ಕೆ ಓಡಿದೆ. ವಿರೂಪಾಕ್ಷ ನನ್ನ ಮೇಜಿನ ಬಳಿಯೇ ನಿಂತಿದ್ದರು, ಕೈಯಲ್ಲಿ ಪತ್ರ.

"ಮನೆಯವರ ದಾಖಲೆ ತೆರೆದಿದೀರಿ, ಬಳಕೆಯಲ್ಲಿ ಇಲ್ಲದ ಸಂಕೇತ ಹಾಕಿದೀರಿ. ಮೇಲಿಂದ ಆದೇಶ ಬಂದೈತೆ ಮೇಡಂ. ನಾಲ್ಕೂವರೆಗೆ ನಿಮ್ಮ ಪ್ರವೇಶ ರದ್ದಾಗುತ್ತೆ."

ನಾನು ರಕ್ತದ ವರದಿಯನ್ನೂ ಸ್ಕ್ಯಾನಿನ ಚಿತ್ರವನ್ನೂ ಅವರ ಕೈಗಿಟ್ಟೆ. ಅವರು ನಿಂತಲ್ಲೇ ಓದಿದರು. ಮುಖದ ಬಣ್ಣ ಸ್ವಲ್ಪ ಬದಲಾಯಿತು. ಮಾತು ಬದಲಾಗಲಿಲ್ಲ.

"ಒಂದು ತಪ್ಪಿದ್ದಕ್ಕೆ ಯಂತ್ರ ಪೂರ್ತಿ ತಪ್ಪು ಅನ್ನೋಕಾಗಲ್ಲ. ಸಮಿತಿಗೆ ಬರೀರಿ. ಮೂರು ತಿಂಗಳಿಗೊಮ್ಮೆ ಸಭೆ ಐತೆ."

"ಓಟ ನಾಳೆ ಐತೆ ಸರ್."

ಅವರು ಗಡಿಯಾರ ನೋಡಿದರು. ನಾಲ್ಕೂ ಕಾಲಾಗಿತ್ತು. "ನಾನು ಚಹಾ ಕುಡಿದು ಬರ್ತೀನಿ" ಎಂದು ಹೊರಟರು. ಬೇಕೆಂದೇ ಹೋದರೋ, ಚಹಾದ ಚಟಕ್ಕೆ ಹೋದರೋ, ನಾನು ತಪ್ಪು ಮಾಡಲಿ ಎಂದು ಬಲೆ ಬೀಸಿ ಹೋದರೋ ನನಗೆ ಇನ್ನೂ ಗೊತ್ತಿಲ್ಲ. ಯೋಚಿಸುತ್ತಾ ಕೂರುವ ಹೊತ್ತೂ ಅದಾಗಿರಲಿಲ್ಲ.

ಒಂದು ತಿಂಗಳೊಳಗೆ ಜ್ವರ ಬಂದು, ಎದೆನೋವಿಗೆ ಆರ್-ಸೊನ್ನೆಯೇಳು ಪಡೆದ ಮೂವತ್ತರೊಳಗಿನವರು ಎಷ್ಟು ಜನ ಎಂದು ಯಂತ್ರವನ್ನು ಕೇಳಿದೆ. ಇಪ್ಪತ್ತಮೂರು. ತಬಸ್ಸುಮಳನ್ನು ಮೊದಲು ಮಾಡಿದೆ. ಹಳೆಯದನ್ನು ಅಳಿಸಬೇಕು, ಹೊಸದನ್ನು ಹಾಕಬೇಕು, ನನ್ನ ಹೆಸರು ಒತ್ತಬೇಕು. ಒಬ್ಬರಿಗೆ ಮುಕ್ಕಾಲು ನಿಮಿಷ. ಹರಿಹರ, ಜಗಳೂರು, ಚನ್ನಗಿರಿ, ಮತ್ತೆ ಹರಿಹರ. ಇಷ್ಟು ವರ್ಷ ಅನುಮಾನಗಳನ್ನು ಅಳಿಸಿದ ಅದೇ ಬೆರಳುಗಳಿಂದ ಒಂದೊಂದಾಗಿ ವಾಪಸ್ಸು ಬರೆಯುತ್ತಾ ಹೋದೆ. ಹತ್ತೊಂಬತ್ತನೆಯದು ಮುಗಿದದ್ದೇ ಪರದೆ ಬೆಳ್ಳಗಾಯಿತು. ಹೊತ್ತು ಸಾಲದೇ ಹೋದೀತೆಂದು ಪಟ್ಟಿಯ ಕೊನೆಯ ಹೆಸರು, ಫೋನ್ ನಂಬರುಗಳನ್ನು ಮೊದಲೇ ಕಾಗದದ ಮೇಲೆ ಗೀಚಿಕೊಂಡಿದ್ದೆ, ಉಳಿದ ನಾಲ್ವರೂ ಅದರಲ್ಲಿದ್ದರು. ಇಪ್ಪತ್ತೆಂಟು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು. ಕೊಡೆ ತೆಗೆದುಕೊಂಡು ಹೊರಬಂದೆ.

ಆಸ್ಪತ್ರೆಗೆ ಮರಳಿದಾಗ ಐದೂವರೆ. ನಾನು ಮಂಚದ ಪಕ್ಕ ಕೂರುವಷ್ಟರಲ್ಲಿ ಪ್ರಣತಿಯ ಫೋನು ಬಡಿದುಕೊಂಡಿತು. ತಬಸ್ಸುಮ್. ಅವಳು ಕಿರುಚುತ್ತಿದ್ದದ್ದು ನನಗೂ ಕೇಳುತ್ತಿತ್ತು.

"ನನ್ನ ಚೀಟಿ ಕೆಂಪಾಗೈತೆ ಕಣೇ! ಎರಡು ವರ್ಷ! ಎರಡು ವರ್ಷ ಓಡೀನಿ! ಯಾವ ಪಾಪಿ ಮಾಡಿದ್ದು ಇದನ್ನ?"

ನಾನು ಫೋನಿಗೆ ಕೈ ಚಾಚಿದೆ. ಬೈಗುಳ ತಿನ್ನಬೇಕಾದವಳು ನಾನು. ಪ್ರಣತಿ ಕೊಡಲಿಲ್ಲ. ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು, ಹಾಗೇ ಹಿಡಿದುಕೊಂಡಳು.

"ನಾನು ಕಣೇ" ಎಂದಳು. "ನಾನೇ ಮಾಡ್ಸಿದ್ದು. ಹೌದು, ಬೈಯಿ. ಎಷ್ಟು ಬೇಕೋ ಅಷ್ಟು ಬೈಯಿ, ನಾನು ಫೋನ್ ಇಡಲ್ಲ. ಆದ್ರೆ ಇಲ್ಲಿಗೆ ಬಂದು ಮಲಕ್ಕೊಂಡು ಬೈಯಿ. ನನ್ನ ಪಕ್ಕದ ಮಂಚ ಖಾಲಿ ಐತೆ."

ಆ ಕಡೆಯಿಂದ ಬಹಳ ಹೊತ್ತು ಅಳು ಕೇಳಿಸಿತು. ಕೊನೆಗೆ ಯಾರೋ ಗಂಡಸು, ಬಹುಶಃ ತಂದೆ, ಫೋನು ತೆಗೆದುಕೊಂಡು ಯಾವ ವಾರ್ಡು, ಎಷ್ಟನೇ ಮಹಡಿ ಎಂದು ಕೇಳಿದರು. ಪ್ರಣತಿ ನಿಧಾನವಾಗಿ ದಾರಿ ಹೇಳಿದಳು. ಮೆಟ್ಟಿಲು ಹತ್ತಿಸಬೇಡಿ, ಲಿಫ್ಟಲ್ಲೇ ಕರ್ಕೊಂಡು ಬನ್ನಿ ಎಂದು ಎರಡು ಸಲ ಹೇಳಿದಳು.

ಆಮೇಲೆ ಕಣ್ಣು ಒರೆಸಿಕೊಂಡು ನನ್ನ ಕೈಯಲ್ಲಿದ್ದ ಕಾಗದದ ಕಡೆ ನೋಡಿದಳು. ಕೆಂಪು ಮಾಡಲಾಗದೆ ನಾಲ್ವರು ಉಳಿದುಹೋದರೆಂದೆ.

"ಯಾರು ಆ ನಾಲ್ಕು ಜನ? ನಂಬರ್ ಓದು ದೊಡ್ಡಮ್ಮ."